ನನ್ನ ಬೆನ್ನಿನ ಹನ್ನೊಂದು ಸರ್ಟಿಫಿಕೇಟುಗಳು

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಎರಡನೆಯ ಮಹಡಿಗೆ ನಾಲ್ಕು ಜನ ನನ್ನನ್ನು ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು. ‘ಯಪ್ಪಾ, ನನ್ನ ಬೆನ್ನು ಹೋತು!’

ಎಂಟು ವರ್ಷದ ಮಗಳು ವೀಣಾ ಅದನ್ನು ಕೇಳಿಸಿಕೊಂಡಳು. ಅಳಲಿಲ್ಲ. ಹೆದರಲಿಲ್ಲ. ಸೀದಾ ಮಂಚದ ಕೆಳಗೆ ನುಗ್ಗಿ ತಗಡಿನ ಟ್ರಂಕನ್ನು ಎಳೆದಳು. ತನ್ನ ಹಳದಿ ಫ್ರಾಕನ್ನು ಹೊರತೆಗೆದು, ಕಣ್ಣರಳಿಸಿ ಕೇಳಿದಳು: ‘ಪಪ್ಪಾ, ಗಾವಾಲಾ ಜಾಯಚಂ? ಕುಣಾಚಂ ಲಗ್ನ?’

ಊರಿಗೆ ಹೋಗುವುದಾ, ಯಾರ ಮದುವೆ ಎಂದು! (ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಮಾತಾಡುತ್ತವೆ. ನಿಮ್ಮ ಮನೆಯಲ್ಲೂ ಇದೇ ಕಥೆ ಅಲ್ಲವೆ?) ತಪ್ಪು ಅವಳದ್ದಲ್ಲ. ಅವಳಿಗೆ ತಿಳಿವಳಿಕೆ ಬಂದಾಗಿನಿಂದ ಅಪ್ಪನ ಬೆನ್ನು ನೋವು ಎಂದರೆ ಟ್ರಂಕು. ಟ್ರಂಕು ಎಂದರೆ ಮೀರಜಿನ ಗಾಡಿ. ಮೀರಜಿನಲ್ಲಿ ಗಾಡಿ ಬದಲಿಸಿದರೆ ಗದಗಿನ ಅಜ್ಜಿಯ ಮನೆ.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನ ಹೆಂಡತಿ ಗಿರಿಜಾ ನೆರೆಯವರು ಹೊರಗೆ ಹೋಗುವ ತನಕ ಕಾದಳು. ಬಾಗಿಲು ಹಾಕಿದಳು. ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದಳು: ‘ಈಗ ಖರೇ ಹೇಳ್ರಿ. ಇಲ್ಲಿ ಆಫೀಸಿನವ್ರು ಯಾರೂ ಇಲ್ಲ.’

ಕೈಹಿಡಿದ ಹೆಂಡತಿಗೇ ಇಂಥ ಸಂಶಯ ಬರಬೇಕಾದರೆ ಮನುಷ್ಯ ಎಷ್ಟು ವರ್ಷ ದುಡಿದಿರಬೇಕು, ಯೋಚಿಸಿ. ನಾನು ಹತ್ತು ವರ್ಷ ದುಡಿದಿದ್ದೆ.

ನಾನು ಠಾಣೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಕಾರ್ಖಾನೆಯ ಹೆಸರು ಬೇಡ. ಇನ್ನೂ ಅಲ್ಲಿಂದಲೇ ಸಂಬಳ ಬರಬೇಕು. ಅಲ್ಲಿ ಊರಿಗೆ ಹೋಗಲು ರಜೆ ಕೇಳಿದರೆ ಸಿಗುವುದಿಲ್ಲ. ಮೇ ತಿಂಗಳಲ್ಲಂತೂ ಇಲ್ಲವೇ ಇಲ್ಲ. ‘ನಿಮ್ಮ ಕಡೆ ಎಲ್ಲರೂ ಮೇ ತಿಂಗಳಲ್ಲೇ ಯಾಕೆ ಮದುವೆ ಆಗುತ್ತಾರೆ?’ ಎಂದು ಮ್ಯಾನೇಜರ್ ಸಾಹೇಬರು ಕೇಳುತ್ತಾರೆ.

ಆದರೆ ಸಿಕ್ ಲೀವ್ ಬೇರೆ. ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಅದನ್ನು ಯಾವ ಮ್ಯಾನೇಜರೂ ಇಲ್ಲ ಎನ್ನುವ ಹಾಗಿಲ್ಲ. ಆದ್ದರಿಂದ ನಮ್ಮ ಆಫೀಸಿನಲ್ಲಿ ಯಾರೂ ಊರಿಗೆ ಹೋಗುವುದಿಲ್ಲ. ಎಲ್ಲರೂ ಕಾಯಿಲೆ ಬೀಳುತ್ತಾರೆ.

ನಮ್ಮನ್ನು ಕಾಯಿಲೆ ಬೀಳಿಸುತ್ತಿದ್ದವರು ಕಲ್ಯಾಣದ ಡಾಕ್ಟರ್ ಹೆಗ್ಡೆ. ಕರಾವಳಿಯವರು. ಸ್ಟೇಷನ್ನಿನ ಹತ್ತಿರ ಎರಡು ಬೆಂಚು ಹಿಡಿಸುವಷ್ಟು ಕ್ಲಿನಿಕ್ಕು. ಒಳ್ಳೆಯ ಕೈಗುಣ. ಬೆಳಗ್ಗೆಯೆಲ್ಲ ಚಾಳುಗಳ ನಿಜವಾದ ರೋಗಿಗಳು, ಸಂಜೆ ಲೋಕಲ್ ಇಳಿದು ಬರುವ ನಮ್ಮಂಥ ಗಟ್ಟಿಮುಟ್ಟಾದವರು. ಮೊದಲ ಸಲ ನಾನು ಹೋದಾಗ ಅವರೇ ಕೂರಿಸಿಕೊಂಡು ತಿಳಿಹೇಳಿದರು.

‘ಜ್ವರ ಬೇಡ ಇಟಗಿಯವ್ರೆ. ಥರ್ಮಾಮೀಟರ್ ಇಟ್ರೆ ಗೊತ್ತಾಗ್ತದೆ. ಟೈಫಾಯ್ಡ್ ಬೇಡವೇ ಬೇಡ, ರಕ್ತ ಪರೀಕ್ಷೆ ಕೇಳ್ತಾರೆ. ಬೆನ್ನು ನೋವು ಒಳ್ಳೇದು ಮಾರಾಯ್ರೆ. ಅದು ದೇವರ ಹಾಗೆ. ಕಾಣುದಿಲ್ಲ. ಇಲ್ಲ ಅಂತ ಹೇಳ್ಲಿಕ್ಕೂ ಆಗುದಿಲ್ಲ.’

ಅವರದ್ದೊಂದು ಪದ್ಧತಿ ಇತ್ತು. ಒಂದೇ ಆಫೀಸಿನ ಹತ್ತು ಜನಕ್ಕೆ ಒಂದೇ ಕಾಯಿಲೆ ಬಂದರೆ ಸಂಶಯ ಬರುತ್ತದಲ್ಲ? ಅದಕ್ಕೆ ಘಟ್ಟದ ಮೇಲಿನವರಿಗೆಲ್ಲ ಬೆನ್ನು, ಕರಾವಳಿಯವರಿಗೆಲ್ಲ ಹೊಟ್ಟೆ. ನಮ್ಮ ಹೆಡ್ ಕ್ಲರ್ಕ್ ಶೆಟ್ಟರಿಗೆ ಪ್ರತಿವರ್ಷ ಅವರ ಮನೆತನದ ಭೂತಕೋಲದ ಹೊತ್ತಿಗೆ ಸರಿಯಾಗಿ ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಭೂತ ಗುಡಿಗೆ ಮರಳಿದ ಮರುದಿನ ಹುಣ್ಣು ಮಾಯ.

ನನ್ನ ಸರ್ಟಿಫಿಕೇಟಿನಲ್ಲಿ ಬೆನ್ನು ನೋವು ಎಂದಲ್ಲ, ‘ಲಂಬೇಗೊ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಹೆಸರೇ ಎಷ್ಟು ಗಂಭೀರವಾಗಿದೆ ನೋಡಿ. ಮೂರನೆಯ ವರ್ಷದಿಂದ ಅದಕ್ಕೆ ‘ಕ್ರಾನಿಕ್’ ಎಂದು ಸೇರಿಸಿದರು. ಆಫೀಸಿನಲ್ಲಿ ನನಗೆ ಸಿಗದ ಬಡ್ತಿ ನನ್ನ ಬೆನ್ನಿಗೆ ಸಿಕ್ಕಿತು.

ನಾನೂ ಕೆಲಸಕ್ಕೆ ಮೋಸ ಮಾಡಿದವನಲ್ಲ. ಗದಗಿನಿಂದ ಜೋಳದ ಚೀಲ ಹೊತ್ತು ಬಂದ ಮರುದಿನ ಆಫೀಸಿಗೆ ಸ್ವಲ್ಪ ಬಾಗಿ ನಡೆದು ಹೋಗುತ್ತಿದ್ದೆ. ಕುರ್ಚಿಯಿಂದ ಏಳುವಾಗ ಒಮ್ಮೆ ‘ಹಾಂ’ ಎನ್ನುತ್ತಿದ್ದೆ. ಮ್ಯಾನೇಜರ್ ಸಾಹೇಬರು ಒಂದು ಸಲ ತಮ್ಮ ಮನೆಯಿಂದ ಎಣ್ಣೆಯ ಬಾಟಲಿ ತಂದುಕೊಟ್ಟರು. ನಾಚಿಕೆಯಾಯಿತೇ ಎಂದು ಕೇಳುತ್ತೀರಾ? ಆಯಿತು. ಆದರೆ ಎಣ್ಣೆ ಚೆನ್ನಾಗಿತ್ತು, ನಮ್ಮ ಮಾವನವರ ಮೊಣಕಾಲಿಗೆ ಒಳ್ಳೆಯ ಗುಣ ಕೊಟ್ಟಿತು.

ಹೀಗೆ ಹತ್ತು ವರ್ಷದಲ್ಲಿ ಹನ್ನೊಂದು ಸರ್ಟಿಫಿಕೇಟು. (ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಲು ಹೆದರಿಕೆಯಿಲ್ಲವೇ ಎನ್ನಬೇಡಿ. ಹೆಸರುಗಳನ್ನು ಬದಲಿಸಿದ್ದೇನೆ. ನಮ್ಮ ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ. ಆಫೀಸಿನಲ್ಲಿ ಕನ್ನಡ ಓದಬಲ್ಲವರೆಲ್ಲ ಹೆಗ್ಡೆಯವರ ಪೇಷಂಟುಗಳು.)

ಇನ್ನು ಆ ಭಾನುವಾರದ ಕಥೆ. ನಮಗೆ ರೊಟ್ಟಿ ಇಲ್ಲದೆ ಊಟ ಇಳಿಯುವುದಿಲ್ಲ. ಇಪ್ಪತ್ತು ಕಿಲೋ ಜೋಳದ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಹಿಟ್ಟಿನ ಗಿರಣಿಗೆ ಹೊರಟಿದ್ದೆ. ಭಿವಂಡಿಯಿಂದ ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ಬಂದಿದ್ದ ಟೆಂಪೊ ಒಂದು ಗಲ್ಲಿಯಿಂದ ಹಿಮ್ಮುಖವಾಗಿ ನುಗ್ಗಿ ಬಂತು. ಹಾರ್ನ್ ಇಲ್ಲ, ಹಿಂದೆ ನಿಂತು ದಾರಿ ತೋರಿಸುವವರಿಲ್ಲ. ಗುದ್ದಿದ ರಭಸಕ್ಕೆ ಗಟಾರದ ಅಂಚಿನ ಕಲ್ಲಿನ ಮೇಲೆ ಅಂಗಾತ ಬಿದ್ದೆ. ಜೋಳ ರಸ್ತೆಯ ತುಂಬ ಚೆಲ್ಲಿತು. ಜನ ಮೊದಲು ಎತ್ತಿದ್ದು ನನ್ನನ್ನೋ ಜೋಳವನ್ನೋ, ಈಗ ನೆನಪಿಲ್ಲ.

ಮನೆಯಿಂದ ಆಸ್ಪತ್ರೆಗೆ ಒಯ್ದು ಅಲ್ಲಿ ಎಕ್ಸ್‌ರೇ ತೆಗೆದರು. ಬೆನ್ನಿನ ಕೆಳಗಿನ ಮಣಿಯೊಂದು ಬಿರುಕು ಬಿಟ್ಟಿತ್ತು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರು. ಮೂರು ತಿಂಗಳು ಮಲಗಿಯೇ ಇರಬೇಕು ಎಂದರು. ಆ ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಗಿರಿಜಾಳ ಕಣ್ಣಲ್ಲಿ ನೀರು ಬಂದದ್ದು. ನನಗೂ ಒಂಥರಾ ಸಮಾಧಾನ. ಅಂತೂ ನನ್ನ ಬೆನ್ನು ನೋವಿಗೆ ಒಂದು ಫೋಟೋ ಆಯಿತು!

ಶೆಟ್ಟರು ಮೋಸಂಬಿ ಹಿಡಿದುಕೊಂಡು ನೋಡಲು ಬಂದರು. ಕುಶಲ ಕೇಳಿದರು, ಚಹಾ ಕುಡಿದರು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು.

‘ಇಟಗಿಯವ್ರೆ, ಬೇಜಾರು ಮಾಡ್ಬೇಡಿ. ನಿಮ್ಮ ಲೀವ್ ಅಕೌಂಟ್ ನೋಡಿದೆ. ಸಿಕ್ ಲೀವ್ ಒಂದು ದಿನವೂ ಇಲ್ಲ ಮಾರಾಯ್ರೆ. ಎಲ್ಲ ನಿಮ್ಮ ಬೆನ್ನು ನೋವಿಗೇ ಖರ್ಚಾಗಿದೆ.’

ಸುಳ್ಳು ಬೆನ್ನು ನೋವು ನಿಜವಾದ ಬೆನ್ನು ನೋವಿನ ರಜೆಯನ್ನೆಲ್ಲ ತಿಂದು ಕೂತಿತ್ತು. ಮೂರು ತಿಂಗಳು ಸಂಬಳವಿಲ್ಲ. ಗಿರಿಜಾ ನೆರೆಹೊರೆಯ ಸೀರೆಗಳಿಗೆ ಫಾಲ್ ಹಚ್ಚಲು ಕೂತಳು. ನಾನು ಮಲಗಿದಲ್ಲಿಂದಲೇ ಅವಳ ಸೂಜಿ ಏಳುವುದನ್ನು ಇಳಿಯುವುದನ್ನು ನೋಡುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವನು ಮಲಗಿದ್ದ, ಉಣ್ಣುವ ಪಾಳಿ ಅವಳದ್ದಾಗಿತ್ತು.

ಪ್ಲಾಸ್ಟರು ತೆಗೆದರು. ಮೂಳೆ ಕೂಡಿತ್ತು, ನೋವು ಮಾತ್ರ ಹೋಗಲಿಲ್ಲ. ಹತ್ತು ನಿಮಿಷ ನಿಂತರೆ ಸೊಂಟದಿಂದ ಬಲಗಾಲಿನ ಹಿಮ್ಮಡಿಯವರೆಗೆ ಯಾರೋ ದಬ್ಬಣ ಎಳೆದ ಹಾಗಾಗುತ್ತಿತ್ತು. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ನಿಂತು ಹೋಗುವ ಮಾತೇ ಇಲ್ಲ. ಮೊದಲು ಉಲ್ಟಾ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಸೀಟು ಹಿಡಿದು, ಮತ್ತೆ ಡೊಂಬಿವಲಿಯ ಮೇಲೆಯೇ ಹಾದು ಠಾಣೆಗೆ ಹೋಗುತ್ತಿದ್ದೆ. ಇದು ಇಷ್ಟಕ್ಕೇ ನಿಲ್ಲುವುದಿಲ್ಲ, ಜೀವ ಇರುವ ತನಕ ಸ್ವಲ್ಪ ಇದ್ದೇ ಇರುತ್ತದೆ ಎಂದರು ಆಸ್ಪತ್ರೆಯವರು. ಆಗ ಎಲ್ಲರೂ ಅಂದರು: ಕೇಸು ಹಾಕಿ. ಟೆಂಪೊಗೆ ವಿಮೆ ಇದೆ, ಅವರು ಕೊಡಲಿ.

ಹಾಕಿದೆ. ಠಾಣೆಯ ಸಾಠೆ ವಕೀಲರು ನನ್ನ ಕೇಸು ಹಿಡಿದರು. ಮೊದಲ ದಿನವೇ ಅವರು ಕೇಳಿದ್ದರು: ‘ಅಪಘಾತಕ್ಕೆ ಮೊದಲು ಬೆನ್ನಿಗೆ ಏನಾದರೂ ತೊಂದರೆ ಇತ್ತೇ?’

‘ಏನೂ ಇರಲಿಲ್ಲ’ ಎಂದೆ. ದೇವರಾಣೆಗೂ ಅದು ಸತ್ಯ. ಆ ಹನ್ನೊಂದು ಸರ್ಟಿಫಿಕೇಟು ನನಗೆ ನೆನಪಿಗೇ ಬರಲಿಲ್ಲ. ಇಲ್ಲದ ಕಾಯಿಲೆಯನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

ವಿಮೆಯವರ ವಕೀಲರು ನೆನಪಿಸಿದರು. ಅವರು ಕೋರ್ಟಿನ ಮೂಲಕ ನಮ್ಮ ಆಫೀಸಿಗೆ ಸಮನ್ಸ್ ಕಳಿಸಿ ನನ್ನ ರಜೆಯ ಫೈಲನ್ನು ಕೇಳಿದ್ದರು. ಅವರ ವಾದ ಸರಳ: ಬಿರುಕು ಬಿಟ್ಟ ಮೂಳೆ ಕೂಡಿದೆ. ಈಗ ಉಳಿದಿರುವ ನೋವು ಟೆಂಪೊದ್ದಲ್ಲ. ಅದು ಹತ್ತು ವರ್ಷ ಹಳೆಯದು, ಇಗೋ ಕಾಗದ.

ಸಾಠೆ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮರಾಠಿಯನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

‘ನೋಡಿ, ಮೊದಲೇ ಕೆಟ್ಟಿದ್ದ ಬೆನ್ನಿಗೆ ಗುದ್ದಿದವನೂ ಪರಿಹಾರ ಕೊಡಬೇಕು. ನಿನ್ನ ಬೆನ್ನು ಗಟ್ಟಿ ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಅವನು ಹೇಳುವ ಹಾಗಿಲ್ಲ. ಆದರೆ ಅವನು ಎಷ್ಟು ಕೆಡಿಸಿದನೋ ಅಷ್ಟಕ್ಕೇ ಕೊಡುತ್ತಾನೆ. ಮೊದಲೇ ಕೆಟ್ಟಿದ್ದ ಪಾಲು ನಿಮ್ಮದು. ಅದಕ್ಕೆ ಈಗ ಹೇಳಿ. ಈ ಸರ್ಟಿಫಿಕೇಟುಗಳು ನಿಜವೋ, ಸುಳ್ಳೋ?’

ಅತ್ತ ದರಿ, ಇತ್ತ ಪುಲಿ. ನಿಜ ಎಂದರೆ ನನ್ನ ಈಗಿನ ನೋವಿನ ಬಹುಪಾಲು ಹಳೆಯ ಖಾತೆಗೆ ಹೋಗುತ್ತದೆ. ಸುಳ್ಳು ಎಂದರೆ ಹತ್ತು ವರ್ಷ ಆಫೀಸಿಗೆ ಮೋಸ ಮಾಡಿದೆನೆಂದು ಪ್ರಮಾಣ ಮಾಡಿ ಹೇಳಿದ ಹಾಗೆ. ನನ್ನ ನೌಕರಿ ಹೋಗುತ್ತದೆ. ಹೆಗ್ಡೆಯವರ ಡಾಕ್ಟರಿಕೆ ಹೋಗುತ್ತದೆ.

ಮನೆಯಲ್ಲಿ ಹೇಳಿದೆ. ಗಿರಿಜಾ ಕಪಾಟು ತೆಗೆದು ಅವಳ ತಮ್ಮನ ಮದುವೆಯ ಆಲ್ಬಮ್ ಹೊರಗೆ ತಂದಳು. ಒಂದು ಫೋಟೋದಲ್ಲಿ ನಾನು ಮದುಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಲಗೆ ವಾದ್ಯದ ಸದ್ದಿಗೆ ಕುಣಿಯುತ್ತಿದ್ದೇನೆ. ನಮ್ಮ ಭಾವಮೈದುನ ಹೊಟ್ಟೆಪಾಡಿಗೆ ಖಾನಾವಳಿ ನಡೆಸುವವನು, ಆಕಾರವೂ ಅದಕ್ಕೆ ತಕ್ಕ ಹಾಗಿದೆ. ಆಲ್ಬಮ್ಮಿನ ಜೊತೆ ಲಗ್ನಪತ್ರಿಕೆಯನ್ನೂ ಇಟ್ಟಿದ್ದಳು. ತಾರೀಖು ನೋಡಿದೆ. ನನ್ನ ಏಳನೆಯ ಸರ್ಟಿಫಿಕೇಟು. ಆ ದಿನ ನಾನು ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಹೆಗ್ಡೆಯವರು ಬರೆದಿದ್ದರು.

‘ಇದನ್ನ ಜಡ್ಜಿಗೆ ತೋರಸ್ರಿ. ನಿಮ್ಮ ಬೆನ್ನು ಗಟ್ಟಿ ಇತ್ತು ಅನ್ನಾಕ ಇನ್ನೇನು ಬೇಕು?’

‘ಹುಚ್ಚಿ, ಇದನ್ನ ತೋರಿಸಿದ್ರ ಕೋರ್ಟಿನ್ಯಾಗ ಗೆಲ್ತೀನಿ, ಆಫೀಸಿನ್ಯಾಗ ಸಾಯ್ತೀನಿ. ಒಳಗಿಡು.’

‘ನೋವು ಉಣ್ಣೂದು ನೀವು, ಆಫೀಸಿನ ಅಂಜಿಕಿ ಯಾಕ?’ ಎಂದು ಅವಳು ಕಪಾಟನ್ನು ದಢಾರನೆ ಹಾಕಿದಳು.

ಮರುದಿನ ಕಲ್ಯಾಣಕ್ಕೆ ಹೋದೆ. ಹೆಗ್ಡೆಯವರಿಗೂ ಸಾಕ್ಷಿ ಹೇಳಲು ಸಮನ್ಸ್ ಬಂದಿತ್ತು. ಅದನ್ನು ಬ್ಲಡ್ ಪ್ರೆಷರ್ ಮಷಿನ್ನಿನ ಕೆಳಗೆ ಇಟ್ಟಿದ್ದರು. ನಾನು ಪ್ಲಾಸ್ಟರಿನಲ್ಲಿದ್ದಾಗ ಈ ಮನುಷ್ಯ ವಾರಕ್ಕೆರಡು ಸಲ ಕಲ್ಯಾಣದಿಂದ ಡೊಂಬಿವಲಿಗೆ ಬಂದು ನನ್ನ ಕಾಲು ಮುಟ್ಟಿ, ಬೆರಳು ಆಡಿಸಿ ನೋಡಿ ಹೋಗುತ್ತಿದ್ದರು. ಒಂದು ಪೈಸೆ ಫೀಸು ಮುಟ್ಟಲಿಲ್ಲ. ಅಂಥವರ ಮುಖ ಬಾಡಿದ್ದು ನೋಡಲಾಗಲಿಲ್ಲ.

‘ನಂಗೆ ಹೆದರಿಕೆ ಆಗ್ತದೆ ಇಟಗಿಯವ್ರೆ. ಈ ಪ್ರಾಯದಲ್ಲಿ ರಿಜಿಸ್ಟ್ರೇಷನ್ ಹೋದ್ರೆ ನಾನು ಎಂತ ಮಾಡುದು? ಊರಿನವರಿಗೆ ಉಪಕಾರ ಆಗ್ಲಿ ಅಂತ ಬರ್ದದ್ದು.’

‘ನೀವು ಚಿಂತಿ ಮಾಡಬ್ಯಾಡ್ರಿ ಡಾಕ್ಟ್ರ. ನನ್ನ ಬೆನ್ನು ಮೊದಲಿಂದನೂ ಕೆಟ್ಟಿತ್ತು ಅಂತ ಹೇಳ್ತೀನಿ. ಬಂದಷ್ಟು ಬರಲಿ.’

ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನನ್ನ ಹತ್ತು ವರ್ಷದ ಕಾಯಿಲೆ ಹೇಗಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಹೆಗ್ಡೆಯವರು ಪಾಠ ಹೇಳಿಕೊಟ್ಟರು. ಬೆಳಗ್ಗೆ ಏಳುವಾಗ ಬಿಗಿತ. ಬಗ್ಗಿದರೆ ಜಾಸ್ತಿ, ಮಲಗಿದರೆ ಕಡಿಮೆ. ಕೆಲವೊಮ್ಮೆ ಕಾಲಿಗೆ ಇಳಿಯುತ್ತದೆ.

‘ಯಾವ ಕಾಲಿಗೆ?’

‘ಈಗ ನಿಜವಾಗಿ ನೋಯುವುದು ಬಲಗಾಲು ಅಲ್ವಾ? ಹಾಗಾದ್ರೆ ಹಳೇದನ್ನು ಎಡಗಾಲು ಮಾಡುವ. ಬಲಗಾಲಿನದ್ದು ಟೆಂಪೊದ್ದೇ ಅಂತ ಆಗ್ತದೆ, ನಿಮಗೆ ಸ್ವಲ್ಪ ಅನುಕೂಲ. ಆದ್ರೆ ಮತ್ತೆ ಬದಲು ಮಾಡ್ಬೇಡಿ.’

ರೈಲಿನಲ್ಲಿ ಡೊಂಬಿವಲಿ ಬರುವ ತನಕ ಎಡಗಾಲು, ಎಡಗಾಲು ಎಂದು ಬಾಯಿಪಾಠ ಮಾಡಿಕೊಂಡೆ.

ಸಾಕ್ಷಿಯ ದಿನ. ಸಣ್ಣ ಕೋರ್ಟು, ಕಿರುಗುಡುವ ಫ್ಯಾನು. ಮೊದಲ ಬೆಂಚಿನಲ್ಲಿ ನನ್ನ ಫೈಲನ್ನು ಮಡಿಲಲ್ಲಿಟ್ಟುಕೊಂಡ ಶೆಟ್ಟರು. ಅವರ ಪಕ್ಕ ಬಿಳಿ ಪ್ಯಾಂಟಿನ ಹೆಗ್ಡೆಯವರು. ಹಿಂದಿನ ಬೆಂಚಿನಲ್ಲಿ ಬಟ್ಟೆಯ ಚೀಲ ಹಿಡಿದ ಗಿರಿಜಾ. ವಿಮೆಯವರ ವಕೀಲರು ಸಣಕಲು ಆಸಾಮಿ, ಬಹಳ ಮೃದುವಾದ ದನಿ. ಬೈಯುವವರನ್ನು ನಂಬಬಹುದು, ಇಂಥವರನ್ನು ನಂಬಬಾರದು ಎಂದು ನನಗೆ ಆ ದಿನ ಗೊತ್ತಾಯಿತು.

‘ಇಟಗಿ ಸಾಹೇಬರೇ, ಹತ್ತು ವರ್ಷದಿಂದ ಬೆನ್ನು ನೋವು?’

‘ಹೌದು.’

‘ಕಾಲಿಗೆ ಇಳಿಯುತ್ತಿತ್ತೇ?’

‘ಎಡಗಾಲಿಗೆ’ ಎಂದೆ. ಹೆಗ್ಡೆಯವರು ಮೆಲ್ಲಗೆ ತಲೆಯಾಡಿಸಿದರು. ಪಾಸಾದೆ ಎಂದುಕೊಂಡೆ.

‘ಪಾಪ. ಭಾರ ಎತ್ತಬಾರದೆಂದು ಡಾಕ್ಟರು ಬರೆದಿದ್ದಾರೆ. ನೀವು ಡಾಕ್ಟರ ಮಾತು ಕೇಳುವವರು, ಅಲ್ಲವೇ?’

‘ಹೌದು.’

‘ಅಪಘಾತವಾದಾಗ ಹೆಗಲ ಮೇಲೆ ಏನಿತ್ತು?’

‘ಜೋಳದ ಡಬ್ಬಿ.’

‘ಎಷ್ಟು ಭಾರ?’

‘ಇಪ್ಪತ್ತು ಕಿಲೋ.’

ಅವರು ಜಡ್ಜ್ ಸಾಹೇಬರ ಕಡೆ ತಿರುಗಿದರು. ‘ಹತ್ತು ವರ್ಷದ ರೋಗಿ. ಭಾರ ಎತ್ತಬಾರದ ರೋಗಿ. ಇಪ್ಪತ್ತು ಕಿಲೋ ಹೊತ್ತು ರಸ್ತೆಯಲ್ಲಿ ಹೋಗುತ್ತಾರೆ. ಟೆಂಪೊ ಇವರ ಮೇಲೆ ಬಂತೋ, ಇಲ್ಲ ಇವರ ಬೆನ್ನೇ ಕೈಕೊಟ್ಟು ಇವರೇ ಟೆಂಪೊದ ಮೇಲೆ ಬಿದ್ದರೋ?’

ಹಾಗಾದರೆ ತಪ್ಪೂ ನನ್ನದೇ! ನನ್ನನ್ನು ಗಟಾರಕ್ಕೆ ಕೆಡವಿದ ಟೆಂಪೊ ಮುಗ್ಧ, ಅದಕ್ಕೆ ಅಡ್ಡ ಬಿದ್ದವನು ನಾನು! ನನ್ನ ತಲೆಗೆ ಏರಿತು. ಸತ್ಯಸಂಧತೆಯಿಂದ ಅಲ್ಲ ಸ್ವಾಮಿ, ಅಂಥ ಯಾವ ಗುಣವೂ ನನ್ನಲ್ಲಿಲ್ಲ ಎಂದು ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿದೆ. ಬರೀ ಸಿಟ್ಟು. ಗಂಡಸಿನ ಬೆನ್ನಿನ ಬಗ್ಗೆ ಹೀಗೆ ಮಾತಾಡುತ್ತಾರೆಯೇ?

‘ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ ಸಾಹೇಬ್!’ ಎಂದು ಕೂಗಿದೆ. ‘ಕಲ್ಲಿನಂಥ ಬೆನ್ನು! ಎರಡು ಡಬ್ಬಿ ಬೇಕಾದರೂ ಹೊರುತ್ತಿದ್ದೆ! ಆ ಹನ್ನೊಂದು ಕಾಗದವೂ ಊರಿಗೆ ಹೋಗಲು ತಗೊಂಡದ್ದು!’

ಸಾಠೆ ವಕೀಲರು ಹಣೆಗೆ ಕೈಹಚ್ಚಿ ಕೂತರು. ಶೆಟ್ಟರು ಫೈಲನ್ನು ಎದೆಗೆ ಅವಚಿಕೊಂಡರು. ಹೆಗ್ಡೆಯವರ ಕಡೆ ನೋಡುವ ಧೈರ್ಯ ನನಗೆ ಆಗಲಿಲ್ಲ. ಅವರಿಗೆ ಕೊಟ್ಟ ಮಾತು ನಾಲ್ಕು ದಿನವೂ ಉಳಿಯಲಿಲ್ಲ.

ಹಿಂದಿನ ಬೆಂಚಿನಿಂದ ಗಿರಿಜಾ ಎದ್ದು ನಿಂತಳು. ಕೋರ್ಟಿನಲ್ಲಿ ಹಾಗೆ ಏಳಬಾರದೆಂದು ಅವಳಿಗೆ ಯಾರು ಹೇಳಬೇಕು? ಚೀಲದಿಂದ ಆಲ್ಬಮ್ ತೆಗೆದು ಎತ್ತಿ ಹಿಡಿದಳು. ‘ಸಾಹೇಬ್, ಫೋಟೋ ಆಹೇ!’ ಫೋಟೋ ಇದೆ ಎಂದು!

ಜಡ್ಜ್ ಸಾಹೇಬರು ಸಿಡುಕಲಿಲ್ಲ. ಆಲ್ಬಮ್ಮನ್ನೂ ಲಗ್ನಪತ್ರಿಕೆಯನ್ನೂ ತರಿಸಿಕೊಂಡರು. ಭಾವಮೈದುನನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

‘ಹನ್ನೊಂದು ಸಲ ಆಫೀಸಿಗೆ ಸುಳ್ಳು ಹೇಳಿದಿರಿ?’

‘ಹೌದು ಸಾಹೇಬ್.’

‘ಹತ್ತು ನಿಮಿಷದ ಹಿಂದೆ ಎಡಗಾಲು ಎಂದಿರಿ?’

‘ಅದೂ ಸುಳ್ಳು ಸಾಹೇಬ್.’

‘ಈಗ ಬೆನ್ನು ನೋಯುತ್ತದೆ ಅನ್ನುವುದು?’

‘ಅದು ನಿಜ ಸಾಹೇಬ್.’

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಕಟಕಟೆಯಲ್ಲಿ ಅರ್ಧ ಗಂಟೆ ನಿಂತು ನನ್ನ ಬಲಗಾಲು ನಡುಗುತ್ತಿತ್ತು. ನಿಜವಾಗಿ ನೋಯುತ್ತಿರುವವನನ್ನು ನೋಡಿ ಅಷ್ಟು ಜನ ನಗುವುದು ಹೇಗಿರುತ್ತದೆ ಎಂದು ಹೇಳಲಾರೆ. ನನಗೆ ಅಳು ಬಂತು. ಅದನ್ನೂ ನಾಟಕ ಎಂದುಕೊಂಡಾರೆಂದು ನುಂಗಿಕೊಂಡೆ.

ನನ್ನ ನಂತರ ಹೆಗ್ಡೆಯವರನ್ನು ಕರೆದರು. ‘ಡಾಕ್ಟರೇ, ಈ ಸರ್ಟಿಫಿಕೇಟುಗಳು ನಿಜವೋ ಸುಳ್ಳೋ?’ ಹೆಗ್ಡೆಯವರು ಕರವಸ್ತ್ರದಿಂದ ಹಣೆ ಒರೆಸಿಕೊಂಡು ನಿಧಾನವಾಗಿ ಹೇಳಿದರು: ‘ಬೆನ್ನು ನೋವು ಎಂದು ಇವರು ಹೇಳಿದರು. ನಾನು ಬರೆದೆ. ಪೇಷಂಟಿನ ನೋವು ಡಾಕ್ಟರಿಗೆ ಕಾಣುವುದಿಲ್ಲ ಸಾಹೇಬ್.’

ನೋಡಿ, ಒಂದು ಅಕ್ಷರ ಸುಳ್ಳಿಲ್ಲ! ಎಲ್ಲ ತಪ್ಪೂ ನನ್ನ ತಲೆಯ ಮೇಲೆ ಬಂತು. ಆದರೂ ನನಗೆ ಸಿಟ್ಟು ಬರಲಿಲ್ಲ. ಮುಳುಗಿಸಿದವನು ನಾನು, ಅವರು ಈಜಿ ದಡ ಸೇರಿಕೊಂಡರು. ನನಗೂ ಉಸಿರು ಬಂತು.

ಹೋದ ವಾರ ತೀರ್ಪು ಬಂತು. ಟೆಂಪೊದವನದೇ ತಪ್ಪು ಎಂದರು. ಮುರಿದ ಮೂಳೆಗೆ, ಪ್ಲಾಸ್ಟರಿನ ಮೂರು ತಿಂಗಳಿಗೆ ಪರಿಹಾರ ಕೊಟ್ಟರು. ಆಮೇಲಿನ ನೋವಿಗೆ, ಇನ್ನು ಜೀವಮಾನವಿಡೀ ಇರುವ ನೋವಿಗೆ, ಏನೂ ಇಲ್ಲ. ಕಾರಣವನ್ನು ಸಾಠೆ ವಕೀಲರು ಓದಿ ಹೇಳಿದರು. ಸರ್ಟಿಫಿಕೇಟುಗಳು ನಿಜವಾದರೆ ನೋವು ಹಳೆಯದು. ಸುಳ್ಳಾದರೆ, ಹತ್ತು ವರ್ಷ ಇಲ್ಲದ ನೋವನ್ನು ಇದೆ ಎಂದವನು ಈಗ ಇದೆ ಎಂದರೆ ನಂಬುವುದು ಹೇಗೆ?

ನಾನು ಬಹಳ ಯೋಚಿಸಿದೆ. ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಾನೇ ಜಡ್ಜ್ ಆಗಿದ್ದರೆ ಇನ್ನೂ ಕಡಿಮೆ ಕೊಡುತ್ತಿದ್ದೆ.

ಅಪೀಲು ಹೋಗೋಣವೇ ಎಂದು ಸಾಠೆಯವರು ಕೇಳಿದರು. ಗಿರಿಜಾ ಕೈಮುಗಿದು ಬೇಡ ಎಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ನನ್ನ ರಟ್ಟೆ ಹಿಡಿದುಕೊಂಡಳು. ‘ಮಂದಿ ನಂಬದಿದ್ರ ಬಿಡ್ರಿ. ನಿಮಗ ನೋವು ಆಗೂದು ನನಗ ಗೊತ್ತೈತಿ’ ಎಂದಳು. ಪರಿಹಾರದ ಆದೇಶದಲ್ಲಿ ಇದನ್ನು ಬರೆದಿರಲಿಲ್ಲ, ಆದರೆ ನನಗೆ ಸಿಕ್ಕಿದ್ದರಲ್ಲಿ ದೊಡ್ಡದು ಇದೇ.

ಆಫೀಸಿನ ಕಥೆ ಕೇಳುತ್ತೀರಾ? ಕೋರ್ಟಿನಲ್ಲಿ ಏನಾಯಿತು ಎಂದು ಮ್ಯಾನೇಜರ್ ಕೇಳಿದಾಗ ಶೆಟ್ಟರು, ‘ಆ ಹೊತ್ತಿಗೆ ನಾನು ಚಾ ಕುಡೀಲಿಕ್ಕೆ ಹೊರಗೆ ಹೋಗಿದ್ದೆ’ ಎಂದರಂತೆ. (ಅವರ ಹೊಟ್ಟೆಯೂ ಅದೇ ಕಪಾಟಿನ ಇನ್ನೊಂದು ಫೈಲಿನಲ್ಲಿದೆ.) ನನ್ನ ನೌಕರಿ ಉಳಿಯಿತು. ಆದರೆ ಗಾಳಿಸುದ್ದಿಗೆ ಕಾಲು ಬೇಕೇ? ಹೊಸ ಸುತ್ತೋಲೆ ಬಂತು. ಇನ್ನು ಮೇಲೆ ಸಿಕ್ ಲೀವ್ ಬೇಕಾದರೆ ಕಂಪನಿಯ ಡಾಕ್ಟರೇ ಬೆನ್ನು, ಹೊಟ್ಟೆ ಒತ್ತಿ ನೋಡಿ ಸಹಿ ಹಾಕಬೇಕು. ಈ ಮೇ ತಿಂಗಳು ನಮ್ಮ ಆಫೀಸಿನ ಕನ್ನಡಿಗರೆಲ್ಲ ಸಂಪೂರ್ಣ ಆರೋಗ್ಯವಾಗಿದ್ದಾರೆ. ಲೋಕಲಿನಲ್ಲಿ ನನ್ನ ಜೊತೆ ಯಾರೂ ಮಾತಾಡುತ್ತಿಲ್ಲ.

ಮೊನ್ನೆ ಸೋಮವಾರ ನೋವು ತಡೆಯಲಾಗದೆ ಕಲ್ಯಾಣದಲ್ಲಿ ಇಳಿದವನು ಆಫೀಸಿನ ಗಾಡಿ ಹತ್ತದೆ ಸೀದಾ ಹೆಗ್ಡೆಯವರ ಕ್ಲಿನಿಕ್ಕಿಗೆ ಹೋದೆ. ಕೋರ್ಟಿನ ನಂತರ ಅದೇ ಮೊದಲು. ಇಬ್ಬರಿಗೂ ಮುಖ ಎತ್ತಲು ಸಂಕೋಚ. ಮಲಗಲು ಹೇಳಿದರು. ಅಂಗಿ ಎತ್ತಿ ಬೆನ್ನಿನ ಮೇಲೆ ಕೈಯಿಟ್ಟರು. ಹನ್ನೊಂದು ಸಲ ನನ್ನ ಬೆನ್ನಿನ ಬಗ್ಗೆ ಬರೆದವರು ಅದನ್ನು ಒತ್ತಿ ನೋಡಿದ್ದು ಇದೇ ಮೊದಲು.

ಒಂದು ಕಡೆ ಬೆರಳು ಇಟ್ಟರು. ನಾನು ಕಿರುಚಿದೆ.

ಹೆಗ್ಡೆಯವರು ಬೆರಳು ತೆಗೆದರು. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಬಹಳ ಸಂಕೋಚದಿಂದ ಕೇಳಿದರು.

‘ನಿಜವಾಗಿಯೂ ಉಂಟಾ ಇಟಗಿಯವ್ರೆ?’

ನಾನು ದಿಂಬಿನಲ್ಲಿ ಮುಖ ಹುದುಗಿಸಿ ಮಲಗಿದ್ದೆ. ಹೌದು ಎನ್ನುವ ಮಾತನ್ನು ನಾನು ಹತ್ತು ವರ್ಷ ಬಳಸಿ ಸವೆಸಿಬಿಟ್ಟಿದ್ದೆ.

ನನ್ನದು ಬಿಡಿ, ಅದು ಮುಗಿಯಿತು. ನಿಮ್ಮ ಆಫೀಸಿನ ಫೈಲಿನೊಳಗೆ ನಿಮಗೆ ಯಾವ ಕಾಯಿಲೆ ಇದೆ, ಒಮ್ಮೆ ನೋಡಿಕೊಂಡಿದ್ದೀರಾ?